ಬ್ಲಾಂಡ್ ಹೈಲೈಟ್ಸ್ ಬಿಟ್ಟು ಮತ್ತೆ ಗಾಢ ಬಣ್ಣಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೂದಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ವರ್ಷಗಟ್ಟಲೆ ಬ್ಲಾಂಡ್ ಹೈಲೈಟ್ಸ್ (ಕೂದಲಿನ ಕೆಲವು ಎಳೆಗಳನ್ನು ಬ್ಲೀಚ್ ಹಚ್ಚಿ ತಿಳಿ ಹಳದಿ ಮಾಡುವುದು) ಮಾಡಿಸಿಕೊಂಡವರು ಒಂದು ದಿನ ಬಂದು, "ಸಾಕಾಯ್ತು, ನನ್ನ ಹಳೆ ಬಣ್ಣ ವಾಪಸ್ ಬೇಕು" ಅನ್ನುತ್ತಾರೆ. ಕುರ್ಚಿಯಲ್ಲಿ ಕೂತವರು ಕೇಳಿದ್ದು, ಪತ್ರ ಬರೆದವರು ಕೇಳಿದ್ದು, ಮನೆಯಲ್ಲೇ ಹಚ್ಚಿಕೊಂಡು ಅಳುತ್ತಾ ಫೋನ್ ಮಾಡಿದವರು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ ಒಂದನ್ನಷ್ಟೇ ಓದಿದರೂ ಸಾಕು.

## ಮೊದಲ ಪ್ರಶ್ನೆಗಳು

ತಿಳಿ ಬಣ್ಣದ ಮೇಲೆ ಕಂದು ಡೈ ಹಚ್ಚಿದರೆ ಆಯ್ತಲ್ವಾ? ಇದರಲ್ಲಿ ಕಷ್ಟ ಏನಿದೆ?

ಇದೊಂದು ಅರ್ಥವಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕೂದಲಿನ ಬಣ್ಣ ಎರಡು ಬಗೆಯ ಮೆಲನಿನ್‌ನಿಂದ ಬರುತ್ತದೆ. ಯೂಮೆಲನಿನ್ ಕಪ್ಪು ಮತ್ತು ಕಂದು ಕೊಡುತ್ತದೆ. ಫಿಯೋಮೆಲನಿನ್ ಕೆಂಪು ಮತ್ತು ಹಳದಿ ಕೊಡುತ್ತದೆ. ಬ್ಲೀಚ್ ಎರಡನ್ನೂ ಒಡೆಯುತ್ತದೆ, ಆದರೆ ಕಪ್ಪು-ಕಂದು ಬೇಗ ಹೋಗುತ್ತದೆ, ಕೆಂಪು-ಹಳದಿ ಹಟ ಹಿಡಿದು ಕೂರುತ್ತದೆ. ಅದಕ್ಕೇ ಗಾಢ ಕೂದಲಿಗೆ ಬ್ಲೀಚ್ ಹಚ್ಚಿದಾಗ ಅದು ಮೊದಲು ಕೆಂಗಂದು, ಆಮೇಲೆ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ತಿಳಿ ಹಳದಿ ಆಗುತ್ತದೆ. ನಿಮ್ಮ ಬ್ಲಾಂಡ್ ಎಳೆ ಈ ಇಡೀ ದಾರಿ ನಡೆದು ಬಂದಿದೆ. ಅದರೊಳಗೆ ಈಗ ಕೆಂಪೂ ಇಲ್ಲ, ಕಿತ್ತಳೆಯೂ ಇಲ್ಲ.

ಆದರೆ ಹುಟ್ಟಿನಿಂದ ಕಂದಾಗಿರುವ ಕೂದಲಿನ ಒಳಗೆ ಆ ಕೆಂಪು ಇದ್ದೇ ಇರುತ್ತದೆ. ಕಂದು ಬಣ್ಣಕ್ಕೆ ಜೀವ ಬರುವುದೇ ಅದರಿಂದ. ಡಬ್ಬಿಯಲ್ಲಿರುವ ಕಂದು ಡೈ ಕೂಡ ಕೂದಲಲ್ಲಿ ಆ ಕೆಂಪು ಇದೆ ಎಂಬ ಲೆಕ್ಕದಲ್ಲೇ ತಯಾರಾಗಿರುತ್ತದೆ. ಖಾಲಿ ಎಳೆಗೆ ಅದನ್ನು ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಬಣ್ಣ ಮಂಕಾಗಿ, ಮಣ್ಣು ಮಣ್ಣಾಗಿ, ಕೆಲವು ಸಲ ಹಸಿರಾಗಿ ಕೂರುತ್ತದೆ.

ಹಾಗಾಗಿ ಇದು ಮುಚ್ಚುವ ಕೆಲಸ ಅಲ್ಲ, ತುಂಬುವ ಕೆಲಸ. ಬ್ಲೀಚ್ ಏನನ್ನು ತೆಗೆಯಿತೋ ಅದನ್ನು ಮೊದಲು ವಾಪಸ್ ಇಡಬೇಕು.

ನನ್ನ ಫ್ರೆಂಡ್ ಕೂದಲು ಹಸಿರಾಗಿಬಿಟ್ಟಿತು. ನನಗೂ ಹಾಗೇ ಆಗುತ್ತಾ?

ಹಳದಿಗೆ ನೀಲಿ ಸೇರಿದರೆ ಹಸಿರು. ಶಾಲೆಯಲ್ಲಿ ಬಣ್ಣದ ಪೆಟ್ಟಿಗೆ ಹಿಡಿದು ಕಲಿತದ್ದೇ ಇಲ್ಲೂ ನಡೆಯುವುದು. ಬ್ಲಾಂಡ್ ಎಳೆಯಲ್ಲಿ ಉಳಿದಿರುವುದು ಹಳದಿ. ಬೂದು ಛಾಯೆಯ ಕಂದು, ಅಂದರೆ ಆಶ್ ಬ್ರೌನ್ ಡೈಗಳಲ್ಲಿ ನೀಲಿ ಅಥವಾ ಹಸಿರು ಅಂಶ ಜಾಸ್ತಿ. ಎರಡನ್ನೂ ಹಿಡಿದಿಡಲು ನಡುವೆ ಕೆಂಪು ಇಲ್ಲ.

ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನನ್ನ ಕೈಯಲ್ಲೇ ಇದು ಆಯಿತು. ಕುರ್ಚಿಯಲ್ಲಿ ಕೂತಿದ್ದ ಹೆಂಗಸಿಗೆ ಕೆಂಪು ಹೊಡೆಯುವ ಕೂದಲು ಇಷ್ಟ ಇರಲಿಲ್ಲ, ಅದಕ್ಕೆ ಆಶ್ ಆರಿಸಿದೆ. ತೊಳೆದು ಒಣಗಿಸಿದಾಗ ಕಿವಿಯ ಮೇಲಿನ ಎಳೆಗಳು ಪಾಚಿಯ ಬಣ್ಣಕ್ಕೆ ತಿರುಗಿದ್ದವು. ಅವರು ಏನೂ ಮಾತಾಡಲಿಲ್ಲ, ಕನ್ನಡಿಯನ್ನೇ ನೋಡುತ್ತಾ ಕೂತರು. ಅವತ್ತೇ ಸರಿ ಮಾಡಿ ಕಳಿಸಿದೆವು. ಆದರೂ ಅವರ ಆ ಮುಖ ನನಗೆ ಮರೆತಿಲ್ಲ. ಬ್ಲಾಂಡ್ ಕೂದಲಿಗೆ ನೇರವಾಗಿ ಆಶ್ ಹಚ್ಚಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನನ್ನ ಹುಟ್ಟು ಬಣ್ಣವೇ ಮತ್ತೆ ಸಿಗುತ್ತಾ?

ತುಂಬಾ ಹತ್ತಿರಕ್ಕೆ ಬರಬಹುದು. ಆದರೆ ಮೊದಲು ನಿಮ್ಮ ಹುಟ್ಟು ಬಣ್ಣ ಯಾವುದು ಅಂತ ಈಗ ನೋಡಿ. ಹತ್ತು ವರ್ಷ ಹೈಲೈಟ್ಸ್ ಮಾಡಿಸಿದವರ ನೆನಪಿನಲ್ಲಿರುವುದು ಕಾಲೇಜು ದಿನದ ಕೂದಲು. ಅಷ್ಟರಲ್ಲಿ ನಿಜವಾದ ಬಣ್ಣ ಬದಲಾಗಿರುತ್ತದೆ. ಕೆಲವರಿಗೆ ಇನ್ನಷ್ಟು ಗಾಢವಾಗಿರುತ್ತದೆ, ಕೆಲವರಿಗೆ ಬಿಳಿ ಬೆರೆತಿರುತ್ತದೆ.

ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ನಿಂತು, ಬುಡದಲ್ಲಿ ಬೆಳೆದಿರುವ ಒಂದೆರಡು ಸೆಂಟಿಮೀಟರ್ ನೋಡಿ. ಕತ್ತಿನ ಹಿಂದೆ ಕೆಳಗಿನ ಪದರವನ್ನು ಬೇರೆಯವರಿಂದ ಫೋಟೋ ತೆಗೆಸಿ. ಅಲ್ಲಿಗೆ ಬಿಸಿಲೂ ಕಮ್ಮಿ, ಬ್ಲೀಚೂ ಕಮ್ಮಿ. ಬಾತ್‌ರೂಮ್ ದೀಪದಲ್ಲಿ ತೀರ್ಮಾನ ಮಾಡಬೇಡಿ.

ಡೈ ಹಾಕದೆ ಸುಮ್ನೆ ಬೆಳೆಯೋಕೆ ಬಿಟ್ಟರೆ ಆಗಲ್ವಾ?

ಆಗುತ್ತದೆ. ಕೂದಲಿಗೆ ಎಲ್ಲಕ್ಕಿಂತ ಹಿತವಾದ ದಾರಿ ಅದೇ. ಬೇಕಾದ್ದು ತಾಳ್ಮೆ ಮಾತ್ರ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ, ವರ್ಷಕ್ಕೆ 12ರಿಂದ 15. ಹೆಗಲು ಮುಟ್ಟುವ ಕೂದಲಿದ್ದರೆ ಹಳೆಯದೆಲ್ಲ ಕತ್ತರಿಸಿ ಹೋಗುವುದಕ್ಕೆ ಎರಡು ವರ್ಷ ಮೀರುತ್ತದೆ.

ಬೈತಲೆ ಹತ್ತಿರ ಕಾಣುವ ಗೆರೆ ಕಣ್ಣಿಗೆ ಚುಚ್ಚುತ್ತದೆ ಅನಿಸಿದರೆ ಬುಡದ ಗಾಢ ಬಣ್ಣವನ್ನು ನಾಲ್ಕೈದು ಸೆಂಟಿಮೀಟರ್ ಕೆಳಕ್ಕೆ ಎಳೆದು ಮಬ್ಬು ಮಾಡಿಸಬಹುದು. ಇದಕ್ಕೆ ರೂಟ್ ಸ್ಮಡ್ಜ್ ಅನ್ನುತ್ತಾರೆ. ಗೆರೆ ಹೋಗಿ ನಿಧಾನವಾಗಿ ತಿಳಿಯಾಗುವ ಬಣ್ಣ ಬರುತ್ತದೆ. ಒಂದೇ ಸಲ ಮಾಡಿಸಿ ಆಮೇಲೆ ಬೆಳೆಯಲು ಬಿಟ್ಟವರು ತುಂಬಾ ಜನ ಇದ್ದಾರೆ.

ಇಷ್ಟೆಲ್ಲಾ ಬ್ಲೀಚ್ ಆದ ಮೇಲೆ ಮತ್ತೆ ಡೈ ಹಾಕಿದರೆ ಕೂದಲು ಇನ್ನೂ ಹಾಳಾಗುತ್ತಾ?

ಬ್ಲೀಚ್ ಮಾಡಿದಷ್ಟು ಇಲ್ಲವೇ ಇಲ್ಲ. ಬ್ಲೀಚ್ ಕೂದಲಿನ ಒಳಗಿರುವುದನ್ನು ಒಡೆದು ತೆಗೆಯುತ್ತದೆ. ಗಾಢ ಮಾಡುವಾಗ ನಾವು ಒಳಗೆ ಸೇರಿಸುತ್ತೇವೆ, ಅದಕ್ಕೆ ಬಲವಾದ ಪೆರಾಕ್ಸೈಡ್ (ಡೈ ಜೊತೆ ಕಲಸುವ ರಾಸಾಯನಿಕ) ಬೇಕಿಲ್ಲ. ಬಣ್ಣ ಹಾಕಿದ ದಿನ ಕೂದಲು ಮೊದಲಿಗಿಂತ ನಯವಾಗಿ, ಹೊಳಪಾಗಿ ಕಾಣುತ್ತದೆ. ಆದರೆ ಅದನ್ನು ನೋಡಿ ಮೋಸ ಹೋಗಬೇಡಿ. ಗಾಢ ಬಣ್ಣದ ಮೇಲೆ ಬೆಳಕು ಚೆನ್ನಾಗಿ ಹೊಳೆಯುತ್ತದೆ ಅಷ್ಟೇ. ಒಳಗಿನ ಹಳೆಯ ಪೆಟ್ಟು ಹಾಗೇ ಇರುತ್ತದೆ. ಬ್ಲೀಚ್ ತಿಂದ ತುದಿಯನ್ನು ಯಾವ ಬಣ್ಣವೂ ರಿಪೇರಿ ಮಾಡುವುದಿಲ್ಲ.

## ಮನಸ್ಸು ಮಾಡುವ ಮುಂಚೆ

ಒಂದೇ ದಿನದಲ್ಲಿ ಪೂರ್ತಿ ಗಾಢ ಮಾಡಿಸಲಾ, ಇಲ್ಲ ನಿಧಾನಕ್ಕೆ ಹೋಗಲಾ?

ನನ್ನನ್ನು ಕೇಳಿದರೆ ನಿಧಾನ. ಕೂದಲಿಗಿಂತ ಜಾಸ್ತಿ ನಿಮ್ಮ ಕಣ್ಣಿಗೋಸ್ಕರ ಈ ಮಾತು ಹೇಳುತ್ತಿದ್ದೇನೆ. ವರ್ಷಗಟ್ಟಲೆ ಮುಖದ ಸುತ್ತ ಬೆಳಕಿನಂತಿದ್ದ ಬಣ್ಣ ಒಂದೇ ಮಧ್ಯಾಹ್ನದಲ್ಲಿ ಹೋದರೆ, ಬಣ್ಣ ಎಷ್ಟೇ ಚೆನ್ನಾಗಿ ಬಂದಿದ್ದರೂ ಮನಸ್ಸು ಒಪ್ಪುವುದಿಲ್ಲ.

ನಿಧಾನದ ದಾರಿಗೆ ಲೋಲೈಟ್ಸ್ ಅನ್ನುತ್ತಾರೆ. ಹೈಲೈಟ್ಸ್ ಹಾಕಿದಂತೆಯೇ ಫಾಯಿಲ್‌ನಲ್ಲಿ ಎಳೆ ಎಳೆ ಆರಿಸಿ ಗಾಢ ಮಾಡುತ್ತಾ ಬರುವುದು. ಆರರಿಂದ ಎಂಟು ವಾರಕ್ಕೊಮ್ಮೆ ಹೋದರೆ ಮೂರ್ನಾಲ್ಕು ಭೇಟಿಯಲ್ಲಿ ಬ್ಲಾಂಡ್ ಕಮ್ಮಿಯಾಗುತ್ತಾ ಹೋಗುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಹೈಲೈಟ್ಸ್ ಮಾಡಿಸಿದ ತಲೆ ಪಟ್ಟೆ ಪಟ್ಟೆಯಾಗಿರುತ್ತದೆ, ಬ್ಲೀಚ್ ಆದ ಎಳೆಯ ಪಕ್ಕದಲ್ಲೇ ಏನೂ ಮುಟ್ಟದ ಎಳೆ ಇರುತ್ತದೆ. ಎಲ್ಲದರ ಮೇಲೂ ಒಂದೇ ಡೈ ಬಳಿದರೆ ಒಂದೊಂದು ಎಳೆ ಒಂದೊಂದು ರೀತಿ ಹಿಡಿಯುತ್ತದೆ. ಲೋಲೈಟ್ಸ್‌ನಲ್ಲಿ ಬೇಕಾದ ಎಳೆಗೆ ಮಾತ್ರ ಬಣ್ಣ ಹೋಗುತ್ತದೆ. ಮುಟ್ಟದ ಎಳೆಗಳು ಮುಟ್ಟದೇ ಉಳಿಯುತ್ತವೆ.

ಆದರೆ ಒಮ್ಮೆಲೇ ಮುಗಿಸಿಬಿಡಬೇಕು ಅನ್ನುವವರೂ ಇದ್ದಾರೆ. ಮನಸ್ಸು ಗಟ್ಟಿಯಿದ್ದರೆ ಅದೂ ತಪ್ಪಲ್ಲ. ಮೂರು ನಾಲ್ಕು ಗಂಟೆ ಬಿಡುವು ಮಾಡಿಕೊಂಡು ಬನ್ನಿ.

ನನಗೆ ಬಿಳಿ ಕೂದಲು ಶುರುವಾಗಿದೆ. ಹೈಲೈಟ್ಸ್ ಬಿಟ್ಟರೆ ಎಲ್ಲಾ ಕಾಣುತ್ತಲ್ವಾ?

ಕಾಣುತ್ತದೆ. ಯಾರೂ ಮೊದಲೇ ಹೇಳದ ಮಾತು ಇದು. ಬ್ಲಾಂಡ್ ಎಳೆಗಳ ನಡುವೆ ಬಿಳಿ ಕೂದಲು ಅಡಗಿ ಕೂರುತ್ತದೆ. ಗಾಢ ಬಣ್ಣ ಹಾಕಿದ ಮೇಲೆ ಬುಡದಲ್ಲಿ ಬಿಳಿ ಬೆಳೆದರೆ ಎರಡು ಮೂರು ವಾರಕ್ಕೇ ಬೈತಲೆಯಲ್ಲಿ ಗೆರೆ ಎದ್ದು ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೋಗಬೇಕಾಗುತ್ತದೆ.

ಬಿಳಿ ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಗಾಢಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತೇನೆ. ಮಧ್ಯಮ ಕಂದು ಇಟ್ಟುಕೊಂಡು, ಮುಖದ ಸುತ್ತ ಮತ್ತು ಬೈತಲೆ ಹತ್ತಿರ ಕೆಲವು ತಿಳಿ ಎಳೆ ಉಳಿಸಿಕೊಳ್ಳಿ. ಬಿಳಿ ಬೆಳೆದಾಗ ಅದರ ಜೊತೆ ಬೆರೆತುಹೋಗುತ್ತದೆ.

ಗಾಢ ಬಣ್ಣ ನನ್ನ ಮುಖಕ್ಕೆ ಒಪ್ಪುತ್ತಾ?

ಹುಟ್ಟಿನಿಂದ ನಿಮ್ಮ ತಲೆಯ ಮೇಲೆ ಇದ್ದ ಬಣ್ಣದ ಅಕ್ಕಪಕ್ಕ ಆರಿಸಿದರೆ ಒಪ್ಪುತ್ತದೆ. ಹುಬ್ಬು ನೋಡಿ, ದಾರಿ ತೋರಿಸುತ್ತದೆ. ಅದಕ್ಕಿಂತ ಗಾಢವಾಗಿ, ಅಚ್ಚ ಕಪ್ಪಿಗೆ ಹೋದಾಗಲೇ ಮುಖ ಸೋತಂತೆ ಕಾಣುವುದು.

ಡಬ್ಬಿ ಮೇಲೆ 5.1, 6.3 ಅಂತೆಲ್ಲಾ ಇರುತ್ತಲ್ಲ, ಅದರಲ್ಲಿ ಯಾವುದು ತಗೊಳ್ಳಲಿ?

ಚುಕ್ಕಿಗೆ ಮೊದಲು ಬರುವ ಅಂಕಿ ಬಣ್ಣ ಎಷ್ಟು ಗಾಢ ಅಂತ ಹೇಳುತ್ತದೆ. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ ಬ್ಲಾಂಡ್. 4, 5 ಕಂದಿನ ಜಾಗ. 6, 7ಕ್ಕೆ ಡಬ್ಬಿ ಮೇಲೆ ಗಾಢ ಬ್ಲಾಂಡ್, ಬ್ಲಾಂಡ್ ಎಂದು ಬರೆದಿದ್ದರೂ ಕಣ್ಣಿಗೆ ಅವು ತಿಳಿ ಕಂದಾಗಿಯೇ ಕಾಣುತ್ತವೆ. ಚುಕ್ಕಿಯ ಆಮೇಲೆ ಬರುವ ಅಂಕಿ ಛಾಯೆ. ಹೆಚ್ಚಿನ ಕಂಪನಿಗಳಲ್ಲಿ .1 ಆಶ್, .3 ಬಂಗಾರದ ಛಾಯೆ, .4 ತಾಮ್ರದ ಛಾಯೆ. ಕೆಲವರು ಬೇರೆ ಲೆಕ್ಕ ಇಟ್ಟಿರುತ್ತಾರೆ, ಅದಕ್ಕೆ ಡಬ್ಬಿ ಓದಿಯೇ ತೆಗೆದುಕೊಳ್ಳಿ.

ಬ್ಲೀಚ್ ಆದ ಕೂದಲು ಸ್ಪಂಜಿನಂತೆ ಬಣ್ಣ ಕುಡಿಯುತ್ತದೆ, ನೀವು ಆರಿಸಿದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಹಾಗಾಗಿ 5 ಬೇಕಿದ್ದರೆ 6 ಆರಿಸಿ. ಗಾಢ ಸಾಲದಿದ್ದರೆ ಮುಂದಿನ ವಾರ ಇನ್ನೊಂದು ಕೈ ಹಾಕಬಹುದು. ಜಾಸ್ತಿಯಾದದ್ದನ್ನು ತೆಗೆಯುವುದು ಮಾತ್ರ ದೊಡ್ಡ ಕೆಲಸ. ಛಾಯೆ ಬಂಗಾರದ್ದೋ ಅಥವಾ ಯಾವ ಛಾಯೆಯೂ ಇಲ್ಲದ ನ್ಯಾಚುರಲ್‌ದೋ ಇರಲಿ.

## ಬಣ್ಣ ಹಾಕುವಾಗ

ಫಿಲ್ಲರ್ ಹಾಕಬೇಕು ಅಂತಾರಲ್ಲ, ಅದೇನದು?

ಕಳೆದುಹೋದ ಕೆಂಪು-ಕಿತ್ತಳೆಯನ್ನು ಮೊದಲು ತುಂಬುವ ಕೋಟ್. ಗೋಡೆಗೆ ಬಣ್ಣ ಹಚ್ಚುವ ಮುಂಚೆ ಪ್ರೈಮರ್ ಹಚ್ಚುತ್ತಾರಲ್ಲ, ಹಾಗೆ.

ಯಾವ ಬಣ್ಣದ ಫಿಲ್ಲರ್ ಅನ್ನುವುದು ನೀವು ಎಲ್ಲಿಗೆ ಹೋಗಬೇಕು ಅನ್ನುವುದರ ಮೇಲಿದೆ. ಡಬ್ಬಿ ಮೇಲಿನ ಅಂಕಿಯಲ್ಲಿ 7ರ ಮಟ್ಟಕ್ಕೆ ಹೋಗುವುದಾದರೆ ಬಂಗಾರದ ಛಾಯೆ ಸಾಕು. 6ಕ್ಕೆ ತಾಮ್ರ. 5ಕ್ಕೆ ಕೆಂಪು ಬೆರೆತ ತಾಮ್ರ. 4 ಅಥವಾ ಇನ್ನೂ ಕೆಳಗಾದರೆ ಕೆಂಪೇ ಬೇಕು. ಈಗಿನ ಬ್ಲಾಂಡ್‌ಗಿಂತ ಎರಡೇ ಮೆಟ್ಟಿಲು, ಅಂದರೆ ಎರಡು ಅಂಕಿ, ಕೆಳಗೆ ಇಳಿಯುವವರಿಗೆ ಬೇರೆ ಫಿಲ್ಲರ್ ಬೇಡ, ಬಂಗಾರದ ಛಾಯೆ ಇರುವ ಕಂದು ಆರಿಸಿದರೆ ಅದರಲ್ಲೇ ಎರಡೂ ಆಗುತ್ತದೆ. ಮೂರು ಮೆಟ್ಟಿಲು ಅಥವಾ ಅದಕ್ಕಿಂತ ಜಾಸ್ತಿ ಇಳಿಯುವವರು ಫಿಲ್ಲರ್ ಬಿಡಬಾರದು.

ನಾನು ಮಾಡುವುದು ಹೀಗೆ. ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ತಾಮ್ರದ ಡೆಮಿ ಬಣ್ಣ (ಕಮ್ಮಿ ಪೆರಾಕ್ಸೈಡ್ ಸಾಕಾಗುವ, ಮೆಲ್ಲಗೆ ಮಸುಕಾಗುವ ಡೈ) ತೆಗೆದುಕೊಂಡು, ಬ್ಲೀಚ್ ಆದ ಭಾಗಕ್ಕೆ ಮಾತ್ರ ಹಚ್ಚುತ್ತೇನೆ. ಸಮಯ ಆದ ಮೇಲೆ ಶಾಂಪೂ ಹಾಕದೆ ಬರೀ ನೀರಿನಲ್ಲಿ ತೊಳೆದು, ಟವೆಲ್‌ನಲ್ಲಿ ಒತ್ತಿ, ಅದರ ಮೇಲೆ ಕಂದು. ಈ ಎರಡರ ನಡುವೆ ಕನ್ನಡಿಯಲ್ಲಿ ಕಿತ್ತಳೆ ತಲೆ ಕಾಣುತ್ತದೆ. ಎಷ್ಟೋ ಜನ ಆಗ ನನ್ನ ಕೈ ಹಿಡಿದುಕೊಂಡಿದ್ದಾರೆ. ಗಾಬರಿ ಬೇಡ. ಆ ಕಿತ್ತಳೆ ಕಂದಿನ ಕೆಳಗೆ ಹೋಗಿ ಕೂತ ಮೇಲೆ ಬಣ್ಣ ಸಹಜವಾಗಿ ಕಾಣುತ್ತದೆ. ಅದಿಲ್ಲದೆ ಹಚ್ಚಿದ ಕಂದು ನಾಲ್ಕೇ ತೊಳೆತಕ್ಕೆ ಸೋರಿಹೋಗುತ್ತದೆ.

ಸೆಮಿ, ಡೆಮಿ, ಪರ್ಮನೆಂಟ್ ಇವುಗಳಲ್ಲಿ ನನಗೆ ಯಾವುದು?

ಡೆಮಿ. ಸೆಮಿ ಪರ್ಮನೆಂಟ್‌ಗೆ ಪೆರಾಕ್ಸೈಡ್ ಬೇಡ, ಬಣ್ಣ ಮೇಲೆ ಮೇಲೆ ಕೂತು ಕೆಲವು ತೊಳೆತಕ್ಕೆ ಹೋಗುತ್ತದೆ. ಪರ್ಮನೆಂಟ್‌ಗೆ ಸಾಮಾನ್ಯವಾಗಿ 20 ವಾಲ್ಯೂಮ್ ಡೆವಲಪರ್, ಅಂದರೆ ಶೇ 6ರಷ್ಟು ಪೆರಾಕ್ಸೈಡ್. ಅದಕ್ಕೆ ಸಹಜ ಬಣ್ಣವನ್ನು ಎತ್ತುವ, ಅಂದರೆ ತಿಳಿ ಮಾಡುವ ಶಕ್ತಿ ಇದೆ. ನಿಮಗೆ ಎತ್ತುವುದು ಬೇಡವೇ ಬೇಡ. ಡೆಮಿಗೆ 10 ವಾಲ್ಯೂಮ್, ಅಂದರೆ ಶೇ 3, ಅಥವಾ ಇನ್ನೂ ಕಮ್ಮಿ ಸಾಕು. ಕೂದಲಿನ ಒಳಗೆ ಹೋಗಿ ಕೂರುತ್ತದೆ, ಉಳಿದದ್ದನ್ನು ಕೆಡಿಸುವುದಿಲ್ಲ, ಹೋಗುವಾಗಲೂ ಮೆಲ್ಲಗೆ ಮಸುಕಾಗುತ್ತದೆ. ಬಿಳಿ ಕೂದಲು ಪೂರ್ತಿ ಮುಚ್ಚಬೇಕಾದವರಿಗೆ ಬುಡದಲ್ಲಿ ಮಾತ್ರ ಪರ್ಮನೆಂಟ್ ಬೇಕಾಗಬಹುದು.

ಬುಡಕ್ಕೂ ಸೇರಿಸಿ ಪೂರ್ತಿ ತಲೆಗೆ ಹಚ್ಚಬೇಕಾ?

ಬುಡದಲ್ಲಿ ಬೆಳೆದಿರುವುದೇ ನಿಮ್ಮ ಗುರಿಯ ಬಣ್ಣ. ಅದನ್ನು ಯಾಕೆ ಮುಟ್ಟಬೇಕು? ಅಲ್ಲಿಗೆ ಪರ್ಮನೆಂಟ್ ಡೈ ತಗಲಿದರೆ ಪೆರಾಕ್ಸೈಡ್ ಸಹಜ ಬಣ್ಣವನ್ನು ಸ್ವಲ್ಪ ಎತ್ತುತ್ತದೆ, ತಲೆಯ ಬಿಸಿಗೆ ಕೆಲಸ ಇನ್ನೂ ಬೇಗ ಆಗುತ್ತದೆ. ಬುಡ ಕೆಂಪಗೆ, ತುದಿ ಕಪ್ಪಗೆ ಆಗಿ ನಿಲ್ಲುತ್ತದೆ. ಆ ಕೆಂಪು ಪಟ್ಟಿ ಬೆಳೆದು ಕೆಳಗಿಳಿಯುವ ತನಕ ಕಾಣುತ್ತಲೇ ಇರುತ್ತದೆ. ತುದಿ ಮತ್ತು ನಡುಭಾಗಕ್ಕೆ ಮೊದಲು ಹಚ್ಚಿ, ಕೊನೆಯ ಐದು ನಿಮಿಷ ಬುಡದ ಅಂಚಿಗೆ ಬೆರಳಲ್ಲಿ ಬೆರೆಸಿದರೆ ಸಾಕು.

ಪ್ಯಾಚ್ ಟೆಸ್ಟ್ ನಿಜವಾಗ್ಲೂ ಬೇಕಾ? ಹತ್ತು ವರ್ಷದಿಂದ ಬಣ್ಣ ಹಾಕಿಸ್ತಿದ್ದೀನಿ, ಏನೂ ಆಗಿಲ್ಲ.

ಬೇಕು. ದಯವಿಟ್ಟು ಇದನ್ನು ಬಿಡಬೇಡಿ. ಹತ್ತು ವರ್ಷ ನಿಮ್ಮ ಕೂದಲಿಗೆ ಹೋದದ್ದು ಮುಖ್ಯವಾಗಿ ಬ್ಲೀಚ್. ಅದೂ ಫಾಯಿಲ್ ಒಳಗೆ, ನೆತ್ತಿಗೆ ತಗಲದಂತೆ. ಗಾಢ ಡೈಗಳಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ, ಬ್ಲೀಚ್‌ನಲ್ಲಿ ಇಲ್ಲ. ಬ್ಲೀಚ್ ಆದ ಮೇಲೆ ಛಾಯೆ ತಿದ್ದಲು ಹಚ್ಚುವ ಟೋನರ್‌ಗಳಲ್ಲಿ ಅದರ ಜಾತಿಯ ವಸ್ತು ಸ್ವಲ್ಪ ಇದ್ದಿರಬಹುದು, ಆದರೆ ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಜಾಸ್ತಿ. ಹಾಗಾಗಿ ಹತ್ತು ವರ್ಷದ ಹೈಲೈಟ್ಸ್ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. 1863ರಲ್ಲಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಇದರ ಬಣ್ಣ ಕೊಡುವ ಗುಣವನ್ನು ತೋರಿಸಿದರು. ಇವತ್ತಿಗೂ ಗಾಢ ಡೈಗಳು ಬಹುಪಾಲು ಇದರ ಮೇಲೆ ಅಥವಾ ಇದರ ಹತ್ತಿರದ ವಸ್ತುಗಳ ಮೇಲೆ ನಿಂತಿವೆ. ಅಲರ್ಜಿ ಬಂದರೆ ಸಣ್ಣದಾಗಿಯೇ ಬರುತ್ತದೆ ಅಂತಿಲ್ಲ. ಕಣ್ಣಿನ ರೆಪ್ಪೆ, ಮುಖ ಊದಿಕೊಳ್ಳುವಷ್ಟು ಬರಬಹುದು.

48 ಗಂಟೆ ಮುಂಚೆ, ಹಚ್ಚಬೇಕಾದ ಅದೇ ಡೈಯನ್ನು ಡಬ್ಬಿಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ, ಕೆಂಪು, ಊತ ಏನಾದರೂ ಬಂದರೆ ಆ ಡೈ ಬೇಡ. ಯಾವಾಗಲಾದರೂ ಕಪ್ಪು ಬಣ್ಣದ ತಾತ್ಕಾಲಿಕ ಮೆಹಂದಿ ಟ್ಯಾಟೂ ಹಾಕಿಸಿಕೊಂಡು ಅಲ್ಲಿ ಗುಳ್ಳೆ ಎದ್ದಿದ್ದರೆ ಟೆಸ್ಟೂ ಮಾಡಬೇಡಿ, ಮೊದಲು ಚರ್ಮದ ಡಾಕ್ಟರನ್ನು ನೋಡಿ. ಅಂಥ ಟ್ಯಾಟೂಗಳಲ್ಲಿ ಹೆಚ್ಚಾಗಿ ಇರುವುದು ಇದೇ ಪಿಪಿಡಿ. ಡೈ ಹಾಕಿದ ಮೇಲೆ ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಗರ್ಭಿಣಿ ಇದ್ದಾಗ ಹಾಕಿಸಬಹುದಾ?

ಕೂದಲ ಡೈ ಚರ್ಮದ ಮೂಲಕ ಮೈಯೊಳಗೆ ಹೋಗುವುದು ತೀರಾ ಕಮ್ಮಿ. ಆದರೂ ಮೊದಲ 12 ವಾರ ಕಳೆಯಲಿ ಎಂದು ಎಷ್ಟೋ ಜನ ಕಾಯುತ್ತಾರೆ. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ನೆತ್ತಿಗೆ ತಗಲದ ಲೋಲೈಟ್ಸ್ ಈ ಸಮಯಕ್ಕೆ ಚೆನ್ನಾಗಿ ಹೊಂದುತ್ತದೆ.

ಹಿಂದಿನ ವಾರ ಏನಾದ್ರೂ ತಯಾರಿ ಬೇಕಾ?

ನೇರಳೆ ಶಾಂಪೂ ನಿಲ್ಲಿಸಿ. ಬ್ಲಾಂಡ್‌ನ ಹಳದಿ ತಗ್ಗಿಸಲು ಇಷ್ಟು ದಿನ ಬಳಸಿದ ಆ ನೇರಳೆ ಎಳೆಯ ಮೇಲೆ ಕೂತಿರುತ್ತದೆ, ಕಂದನ್ನು ಮಂಕು ಮಾಡುತ್ತದೆ. ಎರಡು ದಿನ ಮುಂಚೆ ಕ್ಲಾರಿಫೈಯಿಂಗ್ ಶಾಂಪೂವಿನಿಂದ ಒಮ್ಮೆ ಚೆನ್ನಾಗಿ ತೊಳೆದರೆ ಸಿಲಿಕೋನ್, ಎಣ್ಣೆ, ಗಡಸು ನೀರಿನ ಲವಣ ಎಲ್ಲ ಹೋಗುತ್ತದೆ. ತುದಿ ಸೀಳಿದ್ದರೆ ಬಣ್ಣಕ್ಕೆ ಮುಂಚೆಯೇ ಕತ್ತರಿಸಿ, ಹೇಗೂ ಹೋಗುವ ಭಾಗಕ್ಕೆ ಬಣ್ಣ ಯಾಕೆ?

ಮನೆಯಲ್ಲೇ ಮಾಡಿಕೊಳ್ಳಬಹುದಾ?

ಬ್ಲಾಂಡ್‌ನಿಂದ ಒಂದೆರಡು ಮೆಟ್ಟಿಲು ಇಳಿಯುವುದಾದರೆ ಆಗುತ್ತದೆ. ಬಂಗಾರದ ಛಾಯೆಯ ಡೆಮಿ ತೆಗೆದುಕೊಂಡು, ಕತ್ತಿನ ಹಿಂದಿನ ಒಂದು ಬ್ಲಾಂಡ್ ಎಳೆಗೆ ಮೊದಲು ಹಚ್ಚಿ, ತೊಳೆದು, ಒಣಗಿಸಿ, ಹಗಲಲ್ಲಿ ನೋಡಿ. ಒದ್ದೆ ಕೂದಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಅದನ್ನು ನಂಬಬೇಡಿ. ಆ ಎಳೆ ಇಷ್ಟವಾದರೆ ಮುಂದುವರಿಯಿರಿ.

ಪೂರ್ತಿ ಬ್ಲಾಂಡ್‌ನಿಂದ ಗಾಢ ಕಂದಿಗೆ ಇಳಿಯುವವರು ಒಂದು ಸಲವಾದರೂ ಬಣ್ಣ ಬಲ್ಲವರ ಹತ್ತಿರ ಹೋಗಿ. ಫಿಲ್ಲರ್, ಕಂದು, ಬುಡ, ತುದಿ ಇಷ್ಟನ್ನೂ ತಲೆಯ ಹಿಂಭಾಗ ಕಾಣದೆ ಒಬ್ಬರೇ ಸಂಭಾಳಿಸುವುದು ಕಷ್ಟ. ಅಲ್ಲಿ ಹೋದಾಗ ಏನು ಫಿಲ್ಲರ್ ಹಾಕ್ತೀರಿ ಎಂದು ಕೇಳಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡದವರ ಕೈಗೆ ತಲೆ ಕೊಡಬೇಡಿ.

ಡೈ ಬೇಡ, ಮೆಹಂದಿ ಹಚ್ಚಿ ಗಾಢ ಮಾಡ್ಕೋಬಹುದಾ?

ಮಾಡಬಹುದು, ಆದರೆ ಕ್ರಮ ತಪ್ಪಬಾರದು. ಮೆಹಂದಿಯ ಬಣ್ಣಕ್ಕೆ ಕಾರಣ ಲಾಸೋನ್ ಎಂಬ ವಸ್ತು. ಅದು ಬ್ಲಾಂಡ್ ಎಳೆಯ ಮೇಲೆ ಉರಿಯುವ ಕಿತ್ತಳೆಯಾಗಿ ಕೂರುತ್ತದೆ. ಇಂಡಿಗೋ (ನೀಲಿ ಗಿಡದ ಎಲೆ) ಪುಡಿ ಒಂದನ್ನೇ ಹಚ್ಚಿದರೆ ನೀಲಿ-ಹಸಿರಾಗುತ್ತದೆ. ಮೊದಲು ಮೆಹಂದಿ, ತೊಳೆದ ಮೇಲೆ ಇಂಡಿಗೋ ಹಚ್ಚಿದರೆ ಕಂದಿನಿಂದ ಕಪ್ಪಿನವರೆಗೆ ಬರುತ್ತದೆ. ನೋಡಿ, ಇಲ್ಲೂ ಅದೇ ಲೆಕ್ಕ. ಮೆಹಂದಿಯೇ ಫಿಲ್ಲರ್.

ಎರಡು ಎಚ್ಚರಿಕೆ ಇದೆ. ಪುಡಿ ಶುದ್ಧವಾಗಿರಬೇಕು. ಕೆಲವು ಮಿಶ್ರಣಗಳಲ್ಲಿ ಲೋಹದ ಲವಣ ಇರುತ್ತದೆ, ಮುಂದೆ ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯೇರಿ ಸುಟ್ಟುಹೋಗಬಹುದು. ಇನ್ನೊಂದು, ಈ ಬಣ್ಣವನ್ನು ತೆಗೆಯುವುದು ಸುಲಭ ಅಲ್ಲ. ಮತ್ತೆ ಎಂದಾದರೂ ಬ್ಲಾಂಡ್ ಆಗುವ ಆಸೆ ಮೂಲೆಯಲ್ಲಿದ್ದರೆ ಈ ದಾರಿ ಬೇಡ.

## ಹಾಕಿದ ಮೇಲೆ

ಮೂರು ವಾರಕ್ಕೇ ತುದಿ ಮಸುಕಾಗಿ ಬ್ಲಾಂಡ್ ಇಣುಕ್ತಿದೆ. ಮೋಸ ಹೋದ್ನಾ?

ಇಲ್ಲ. ಕೂದಲಿನ ಹೊರಪದರ ಮನೆಯ ಹೆಂಚಿನಂತೆ ಒಂದರ ಮೇಲೊಂದು ಮಲಗಿರುತ್ತದೆ. ಬ್ಲೀಚ್ ಆದ ಮೇಲೆ ಆ ಹೆಂಚು ಎದ್ದಿರುತ್ತದೆ, ಕೆಲವು ಕಡೆ ಉದುರಿಹೋಗಿರುತ್ತದೆ. ಬಣ್ಣ ಒಳಗೆ ಬೇಗ ಹೋಗುತ್ತದೆ, ಅಷ್ಟೇ ಬೇಗ ಹೊರಗೂ ಬರುತ್ತದೆ. ತುದಿ ಅತಿ ಹಳೆಯ ಕೂದಲು, ಅತಿ ಹೆಚ್ಚು ಸಲ ಬ್ಲೀಚ್ ಕಂಡದ್ದು, ಅದಕ್ಕೇ ಅಲ್ಲೇ ಮೊದಲು ಮಸುಕಾಗುವುದು. ನಾಲ್ಕರಿಂದ ಆರು ವಾರಕ್ಕೆ ಮಸುಕಾದ ಭಾಗಕ್ಕೆ ಮಾತ್ರ ಇನ್ನೊಂದು ಕೋಟ್ ಡೆಮಿ ಹಾಕಿಸಿ. ಎರಡು ಮೂರು ಸಲ ಆದ ಮೇಲೆ ಬಣ್ಣ ನಿಲ್ಲತೊಡಗುತ್ತದೆ. ಮೊದಲ ದಿನವೇ ಇದನ್ನು ಹೇಳದೆ ಕಳಿಸುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಬಣ್ಣ ಉಳಿಯೋಕೆ ಯಾವ ಶಾಂಪೂ ಬೇಕು?

ಶಾಂಪೂವಿಗಿಂತ ಮೊದಲು ನೀರು ನೋಡಿ. ಪ್ರತಿ ಸಲ ಕೂದಲು ನೆನೆದಾಗಲೂ ಬಣ್ಣ ಸ್ವಲ್ಪ ಸೋರುತ್ತದೆ. ದಿನಾ ತೊಳೆಯುವವರು ವಾರಕ್ಕೆ ಎರಡು ಸಲಕ್ಕೆ ಇಳಿಸಿದರೆ ಯಾವ ದುಬಾರಿ ಬಾಟಲಿಗಿಂತ ಜಾಸ್ತಿ ಉಪಯೋಗ. ಬಿಸಿ ನೀರು ಬೇಡ, ಉಗುರುಬೆಚ್ಚಗೆ ಸಾಕು. ಸಲ್ಫೇಟ್ ಇಲ್ಲದ ಮೃದು ಶಾಂಪೂ ಯಾವುದಾದರೂ ಆಗುತ್ತದೆ. ಹತ್ತು ದಿನಕ್ಕೊಮ್ಮೆ ಕಂದು ಬಣ್ಣ ಕೂರಿಸುವ ಕಂಡೀಷನರ್ ಹಚ್ಚಿದರೆ ಸೋರಿದ್ದು ಸ್ವಲ್ಪ ತುಂಬುತ್ತದೆ. ಸ್ಟ್ರೈಟ್ನರ್ 180 ಡಿಗ್ರಿ ದಾಟಿಸಬೇಡಿ. ಬಿಸಿಲಿಗೆ ಹೋದಾಗ ತಲೆ ಮುಚ್ಚಿಕೊಳ್ಳಿ.

ಕಂದು ಹೋಗಿ ಕೆಂಪು ಹೊಡೀತಿದೆ, ಏನ್ ಮಾಡ್ಲಿ?

ಮೇಲಿನ ಕಂದು ಸ್ವಲ್ಪ ಸೋರಿ ಕೆಳಗಿನ ಫಿಲ್ಲರ್ ಕಾಣುತ್ತಿದೆ. ಕಿತ್ತಳೆಯನ್ನು ನೀಲಿ ತಗ್ಗಿಸುತ್ತದೆ, ಹಾಗಾಗಿ ಕಂದು ಕೂದಲಿಗೆಂದೇ ಬರುವ ನೀಲಿ ಶಾಂಪೂ ವಾರಕ್ಕೊಮ್ಮೆ ಬಳಸಿ. ಜಾಸ್ತಿ ಬಳಸಿದರೆ ಮಂಕಾಗುತ್ತದೆ. ಸ್ವಲ್ಪ ಬೆಚ್ಚನೆಯ ಛಾಯೆಗೆ ಕಣ್ಣು ಹೊಂದಿಸಿಕೊಳ್ಳಿ ಎಂದೂ ಕೇಳಿಕೊಳ್ಳುತ್ತೇನೆ. ಬಿಸಿಲಲ್ಲಿ ನಿಂತರೆ ಹುಟ್ಟು ಕಂದು ಕೂದಲೂ ಹೀಗೇ ಕೆಂಪು ಹೊಡೆಯುತ್ತದೆ.

ಈಜೋಕೆ ಹೋಗ್ತೀನಿ, ಹಸಿರಾಗುತ್ತಾ?

ಈಜುಕೊಳದ ಹಸಿರಿಗೆ ಕಾರಣ ಕ್ಲೋರಿನ್ ಅಲ್ಲ, ನೀರಿನಲ್ಲಿರುವ ತಾಮ್ರ. ಗಾಢ ಕೂದಲಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಆದರೆ ಕ್ಲೋರಿನ್ ಬಣ್ಣ ಎಳೆಯುತ್ತದೆ. ಇಳಿಯುವ ಮುಂಚೆ ಕೂದಲನ್ನು ಒಳ್ಳೆ ನೀರಲ್ಲಿ ಚೆನ್ನಾಗಿ ನೆನೆಸಿ, ಕಂಡೀಷನರ್ ಹಚ್ಚಿ, ಟೋಪಿ ಹಾಕಿ.

## ತೊಡಕಾದಾಗ

ತುಂಬಾ ಕಪ್ಪಾಗಿಬಿಟ್ಟಿದೆ. ತೆಗೆಯೋದು ಹೇಗೆ?

ಮೊದಲು ಎರಡು ವಾರ ಕಾಯಿರಿ. ಬ್ಲೀಚ್ ಆದ ಕೂದಲಲ್ಲಿ ಬಣ್ಣ ತಾನಾಗಿ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಕಾಯಲಾಗದಿದ್ದರೆ ಕ್ಲಾರಿಫೈಯಿಂಗ್ ಶಾಂಪೂವಿನಲ್ಲಿ ನಾಲ್ಕೈದು ಸಲ ತೊಳೆಯಿರಿ.

ಆಗಲೂ ಆಗದಿದ್ದರೆ ಕಲರ್ ರಿಮೂವರ್ ಇದೆ. ಅದು ಬ್ಲೀಚ್ ಅಲ್ಲ. ಡೈಯ ದೊಡ್ಡ ಕಣಗಳನ್ನು ಚಿಕ್ಕದು ಮಾಡುತ್ತದೆ, ಅವು ನೀರಿನಲ್ಲಿ ತೊಳೆದುಹೋಗುತ್ತವೆ. ಗಂಧಕದ ಕೆಟ್ಟ ವಾಸನೆ ಬರುತ್ತದೆ. ಇದರಲ್ಲಿ ಎಲ್ಲರೂ ಎಡವುವುದು ತೊಳೆಯುವುದರಲ್ಲಿ. ಹೇಳಿದಷ್ಟು ಹೊತ್ತು ಹರಿಯುವ ನೀರಿನಲ್ಲಿ ತೊಳೆಯಲೇಬೇಕು. ಚಿಕ್ಕ ಕಣಗಳು ಒಳಗೆ ಉಳಿದರೆ ಗಾಳಿ ತಾಗಿ ಮತ್ತೆ ಕೂಡಿಕೊಂಡು ಕಪ್ಪಾಗುತ್ತವೆ. ಕಪ್ಪು ತೆಗೆಯಲು ಬ್ಲೀಚ್ ಹಚ್ಚಲೇಬೇಡಿ, ಆ ಕೂದಲು ಇನ್ನೊಂದು ಬ್ಲೀಚ್ ತಡೆಯುವುದಿಲ್ಲ.

ಆಗಲೇ ಹಸಿರಾಗಿದೆ. ಈಗೇನು ಮಾಡೋದು?

ಅದರ ಮೇಲೆ ಇನ್ನಷ್ಟು ಕಂದು ಬಳಿಯಬೇಡಿ, ಇನ್ನೂ ಕೊಳಕಾಗುತ್ತದೆ. ಹಸಿರನ್ನು ಕೆಂಪು ತಗ್ಗಿಸುತ್ತದೆ. ತಾಮ್ರ-ಕೆಂಪು ಬಣ್ಣದ ಸೆಮಿ ಪರ್ಮನೆಂಟ್ ಅನ್ನು ಬಿಳಿ ಕಂಡೀಷನರ್‌ನಲ್ಲಿ ತೆಳುವಾಗಿ ಕಲಸಿ, ಹಸಿರು ಎಳೆಗಳಿಗೆ ಹಚ್ಚಿ. ಪಕ್ಕದಲ್ಲೇ ನಿಂತು ಎರಡು ನಿಮಿಷಕ್ಕೊಮ್ಮೆ ಒರೆಸಿ ನೋಡಿ. ಹಸಿರು ಮಾಯವಾಗಿ ಕಂದಿಗೆ ತಿರುಗಿದ ಕ್ಷಣ ತೊಳೆಯಿರಿ. ನಾನು ಕೆಲಸ ಕಲಿಯುತ್ತಿದ್ದಾಗ ಪಾಚಿ ಬಣ್ಣಕ್ಕೆ ತಿರುಗಿದ ಆ ಹೆಂಗಸಿನ ಕೂದಲು ಸರಿ ಮಾಡಿದ್ದೂ ಹೀಗೇ, ಎಂಟೇ ನಿಮಿಷದಲ್ಲಿ.

ಒದ್ದೆಯಾದಾಗ ಕೂದಲು ರಬ್ಬರ್ ಥರ ಎಳೆಯುತ್ತೆ. ಬಣ್ಣ ಹಾಕಬಹುದಾ?

ಪೆರಾಕ್ಸೈಡ್ ಇರುವ ಯಾವುದೂ ಈಗ ಬೇಡ. ಆರೋಗ್ಯವಾದ ಒದ್ದೆ ಕೂದಲು ಸ್ವಲ್ಪ ಎಳೆದು ಬಿಟ್ಟರೆ ಮೊದಲಿನಂತಾಗುತ್ತದೆ. ಎಳೆದದ್ದು ಹಾಗೇ ನಿಂತರೆ ಅಥವಾ ತುಂಡಾದರೆ ಒಳಗಿನ ಬಂಧ ಮುರಿದಿದೆ ಅಂತ. ಆ ಭಾಗವನ್ನು ಎಷ್ಟು ಸಾಧ್ಯವೋ ಅಷ್ಟು ಕತ್ತರಿಸಿ. ಕಡಿಮೆ ಬಿಸಿ, ಆ ಬಂಧ ಗಟ್ಟಿ ಮಾಡುವ (ಬಾಂಡ್) ಟ್ರೀಟ್‌ಮೆಂಟ್, ಅಗಲ ಹಲ್ಲಿನ ಬಾಚಣಿಗೆ, ಒಂದೆರಡು ತಿಂಗಳ ವಿಶ್ರಾಂತಿ. ಅಲ್ಲಿಯವರೆಗೆ ಪೆರಾಕ್ಸೈಡ್ ಇಲ್ಲದ ಸೆಮಿ ಬಣ್ಣದಲ್ಲಿ ಕಾಲ ತಳ್ಳಬಹುದು.

ಆಮೇಲೆ ಮತ್ತೆ ಬ್ಲಾಂಡ್ ಬೇಕು ಅನಿಸಿದರೆ?

ಡೈ ಮೇಲೆ ತಿಳಿ ಡೈ ಹಚ್ಚಿದರೆ ಕೂದಲು ತಿಳಿಯಾಗುವುದಿಲ್ಲ. ಬಣ್ಣ ಹಾಕುವವರೆಲ್ಲ ಮೊದಲು ಕಲಿಯುವ ಪಾಠ ಇದು. ವಾಪಸ್ ಹೋಗಬೇಕಾದರೆ ರಿಮೂವರ್, ಆಮೇಲೆ ಮತ್ತೆ ಬ್ಲೀಚ್. ಅದೂ ಈಗಾಗಲೇ ಬ್ಲೀಚ್ ಆಗಿರುವ ಹಳೆಯ ತುದಿಗೆ. ಅದಕ್ಕೇ ಗಾಢಕ್ಕೆ ಹೋಗುವ ಯೋಚನೆ ಇದ್ದರೆ ಮುಖದ ಎರಡೂ ಪಕ್ಕ ನಾಲ್ಕು ತಿಳಿ ಎಳೆ ಹಾಗೇ ಬಿಡಿಸಿಕೊಳ್ಳಿ. ಮೂರು ತಿಂಗಳು ನೋಡಿ. ಅವು ಬೇಡ ಅನಿಸಿದ ದಿನ ಬನ್ನಿ, ಅರ್ಧ ಗಂಟೆಯಲ್ಲಿ ಗಾಢ ಮಾಡಿ ಕಳಿಸುತ್ತೇನೆ.